ಆಯಿ ಎಂದರೆ ಯಾರು?

ಕಲಬುರಗಿ, ವಿಜಯಪುರದ ಕಡೆಯ ಅನೇಕ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ, ಮುತ್ಯಾ ಎಂದರೆ ಅಜ್ಜ. ಮರಾಠಿಯಲ್ಲಿ ಆಯಿ ಎಂದರೆ ಹೆತ್ತ ತಾಯಿ. ಮುಂಬಯಿಯಲ್ಲಿ ಬಾಳಿದ ಕನ್ನಡಿಗರಿಗೆ ಇದು ಹೊಸ ಸಂಗತಿಯಲ್ಲ. ಮದುವೆ ಮನೆಯಲ್ಲೋ ನೆರೆಮನೆಯವರ ಮಾತಿನ ನಡುವೆಯೋ ಎದುರಾಗಿ ಅಲ್ಲೇ ಬಗೆಹರಿಯುವ ಗೊಂದಲ ಅದು. ಆದರೆ ತಪ್ಪಿಸಿಕೊಂಡ ಏಳು ವರ್ಷದ ಮಗುವಿನ ಬಾಯಲ್ಲಿ ಅದೇ ಪದ ಬಂದಾಗ ಬಗೆಹರಿಸಲು ಅಲ್ಲಿ ಯಾರೂ ಇರುವುದಿಲ್ಲ.

ಹೀಗೊಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಯಾದಗಿರಿ ಜಿಲ್ಲೆಯಿಂದ ಗುಳೆ ಬಂದ ಕುಟುಂಬವೊಂದು ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಕಟ್ಟಡದ ಕೆಲಸಕ್ಕೆ ನಿಂತಿದೆ. ಒಂದು ಸಂಜೆ ನೂಕುನುಗ್ಗಲಿನಲ್ಲಿ ಮಗಳು ಲೋಕಲ್ ರೈಲು ಹತ್ತಿ ತಾಯಿಯಿಂದ ಬೇರೆಯಾಗುತ್ತಾಳೆ. ಕುರ್ಲಾ ನಿಲ್ದಾಣದಲ್ಲಿ ಅಳುತ್ತಾ ನಿಂತವಳನ್ನು ಪೊಲೀಸರು ನೋಡುತ್ತಾರೆ. "ತುಝೀ ಆಯಿ ಕುಠೇ ಆಹೇ?" (ನಿನ್ನ ತಾಯಿ ಎಲ್ಲಿ?) ಎಂದು ಮಹಿಳಾ ಪೇದೆ ಅಕ್ಕರೆಯಿಂದಲೇ ಕೇಳುತ್ತಾಳೆ. ಮಗುವಿಗೆ ತಿಳಿದದ್ದು ಒಂದೇ ಪದ: ಆಯಿ. "ಊರಲ್ಲಿ" ಎನ್ನುತ್ತದೆ. ಅದು ನಿಜವೂ ಹೌದು, ಅಜ್ಜಿ ಊರಲ್ಲೇ ಇದ್ದಾಳೆ. ಕಡತದಲ್ಲಿ ಮಾತ್ರ "ತಾಯಿ ಕರ್ನಾಟಕದ ಹಳ್ಳಿಯಲ್ಲಿದ್ದಾಳೆ" ಎಂದು ದಾಖಲಾಗುತ್ತದೆ. ಹುಡುಕಾಟ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದ ಊರಿನತ್ತ ಹೊರಡುತ್ತದೆ. ಹೆತ್ತವಳು ಅದೇ ಹೊತ್ತಿನಲ್ಲಿ ಅದೇ ಹಾರ್ಬರ್ ಲೈನಿನ ಮೇಲೆ ನಿಲ್ದಾಣದಿಂದ ನಿಲ್ದಾಣಕ್ಕೆ ಇಳಿದು ಹುಡುಕುತ್ತಿದ್ದಾಳೆ.

ಇಲ್ಲಿ ಪೇದೆಯದು ತಪ್ಪಲ್ಲ, ಮಗುವಿನದೂ ಅಲ್ಲ. ಕಾನೂನಿನಲ್ಲೂ ಕೊರತೆಯಿಲ್ಲ. ನಮ್ಮ ಮಕ್ಕಳ ರಕ್ಷಣಾ ವ್ಯವಸ್ಥೆಯನ್ನು ಹತ್ತಿರದಿಂದ ನೋಡುತ್ತಾ ಬಂದಂತೆ ನನಗೆ ಗಟ್ಟಿಯಾದ ನಂಬಿಕೆ ಇದು: ಆ ವ್ಯವಸ್ಥೆಯ ಎಲ್ಲ ಹೆಜ್ಜೆಗಳೂ ಮಗುವಿನ ಮಾತಿನ ಮೇಲೆ ನಿಂತಿವೆ. ಮಗುವಿನ ಭಾಷೆ ಬಲ್ಲವರು ಮೊದಲ ದಿನವೇ ಎದುರು ಕೂರದಿದ್ದರೆ ಉಳಿದ ಹೆಜ್ಜೆಗಳು ಎಷ್ಟೇ ಒಳ್ಳೆಯ ಮನಸ್ಸಿನವಾಗಿದ್ದರೂ ಕತ್ತಲಲ್ಲಿ ಇಟ್ಟ ಹೆಜ್ಜೆಗಳಾಗುತ್ತವೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಮಹಾರಾಷ್ಟ್ರದಲ್ಲಿ ಹತ್ತು ಲಕ್ಷದಷ್ಟಿದ್ದರು. ಗಣತಿಯ ಹೊತ್ತಿಗೆ ಊರಲ್ಲಿದ್ದು ಸುಗ್ಗಿ ಮುಗಿದ ಮೇಲೆ ಬರುವ ಗುಳೆಯ ಜನ ಆ ಎಣಿಕೆಗೆ ಸಿಕ್ಕಿರಲಾರರು.

2015ರ ಬಾಲನ್ಯಾಯ ಕಾಯ್ದೆ ಇಂಥ ಮಗುವನ್ನು "ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು" ಎಂದು ಕರೆಯುತ್ತದೆ. ಸಿಕ್ಕ ಇಪ್ಪತ್ನಾಲ್ಕು ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಸಾಮಾಜಿಕ ತನಿಖಾ ವರದಿ ಹದಿನೈದು ದಿನದಲ್ಲಿ ಬರಬೇಕು, ಅಂತಿಮ ಆದೇಶ ನಾಲ್ಕು ತಿಂಗಳಲ್ಲಿ. ಮಗು ಬೇರೆ ಜಿಲ್ಲೆಯದೋ ಬೇರೆ ರಾಜ್ಯದ್ದೋ ಆಗಿದ್ದರೆ ಅಲ್ಲಿನ ಸಮಿತಿಯೊಂದಿಗೆ ಸಮಾಲೋಚಿಸಿ, ಮಗುವಿಗೆ ಒಳಿತೆಂದು ಖಚಿತವಾದ ಮೇಲೆ ವರ್ಗಾವಣೆಯ ಆದೇಶ ಹೊರಡಬೇಕು. ಆ ಆದೇಶ ಕೈಸೇರಿದ ಹದಿನೈದು ದಿನದೊಳಗೆ ಪೊಲೀಸರು ಮಗುವನ್ನು ಕರೆದೊಯ್ಯಬೇಕು, ಹೆಣ್ಣುಮಗುವಾದರೆ ಜೊತೆಯಲ್ಲಿ ಮಹಿಳಾ ಪೊಲೀಸರಿರಬೇಕು. ಮಗುವನ್ನು ಮತ್ತೆ ಕುಟುಂಬಕ್ಕೆ ಸೇರಿಸುವುದೇ ಬಾಲಮಂದಿರದ ಪ್ರಧಾನ ಉದ್ದೇಶವೆಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಸಂಸ್ಥೆಯಲ್ಲಿ ಇರಿಸುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ ಎಂಬುದು ಅದರ ಮೂಲ ತತ್ವಗಳಲ್ಲಿ ಒಂದು.

ಈ ದಿನಗಳ ಲೆಕ್ಕವನ್ನು ಮತ್ತೊಮ್ಮೆ ನೋಡಿ. ಇಪ್ಪತ್ನಾಲ್ಕು ಗಂಟೆ, ಹದಿನೈದು ದಿನ, ನಾಲ್ಕು ತಿಂಗಳು. ತನಿಖಾ ವರದಿ ಬರೆಯುವವರು ಮಗುವಿನೊಂದಿಗೆ ಮಾತನಾಡಬಲ್ಲರು ಎಂಬುದು ಈ ಲೆಕ್ಕದ ಹಿಂದಿರುವ ಊಹೆ. ಊರಿನ ಹೆಸರು ತಪ್ಪಾಗಿ ಕೇಳಿಸಿದರೆ ಪತ್ರ ಬೇರೆ ಜಿಲ್ಲೆಗೆ ಹೋಗುತ್ತದೆ, ಅಲ್ಲಿಂದ "ಇಂಥ ಗ್ರಾಮ ನಮ್ಮಲ್ಲಿಲ್ಲ" ಎಂಬ ಉತ್ತರ ಬರುತ್ತದೆ, ಮತ್ತೆ ಪತ್ರ ಹೊರಡುತ್ತದೆ. ಇತ್ತ ಮಗುವಿನ ಹಲ್ಲು ಬಿದ್ದು ಹೊಸದು ಹುಟ್ಟುತ್ತಿರುತ್ತದೆ.

ಸಮಯದ ಬಗ್ಗೆ ಇಷ್ಟು ಆತುರ ಏಕೆ ಎಂದು ಕೇಳುವವರಿಗೆ ಎಪ್ಪತ್ತು ವರ್ಷಗಳ ಸಂಶೋಧನೆ ಉತ್ತರ ಕೊಡುತ್ತದೆ. ಎರಡನೆಯ ಮಹಾಯುದ್ಧದ ನಂತರ ಮನೆಮಠ ಕಳೆದುಕೊಂಡ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವರದಿ ಬರೆದರು. ಹೊಟ್ಟೆಗೆ ಬಟ್ಟೆಗೆ ಕೊರತೆಯಿಲ್ಲದಿದ್ದರೂ ತನ್ನವರೆಂಬ ಒಬ್ಬರ ನಿರಂತರ ಒಡನಾಟವಿಲ್ಲದ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ ಎಂಬುದು ಅದರ ತಿರುಳು. ಅದನ್ನು ಅಳೆದು ತೋರಿಸಿದ್ದು ರುಮೇನಿಯಾದ ಬುಕಾರೆಸ್ಟ್ ನಗರದ ಅಧ್ಯಯನ. ಹೊಸ ಶತಮಾನದ ಆರಂಭದಲ್ಲಿ ಅಲ್ಲಿನ ಅನಾಥಾಲಯಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ ಸಾಕು ಕುಟುಂಬಗಳಿಗೆ ಕೊಟ್ಟರು, ಉಳಿದವರಿಗೆ ಎಂದಿನ ವ್ಯವಸ್ಥೆಯೇ ಮುಂದುವರಿಯಿತು. ಮನೆ ಸೇರಿದ ಮಕ್ಕಳ ಬುದ್ಧಿಶಕ್ತಿ, ಮಾತು, ಬಾಂಧವ್ಯ ಮೂರೂ ಚೇತರಿಸಿಕೊಂಡವು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಗುಂಪು ಅರವತ್ತಕ್ಕೂ ಹೆಚ್ಚು ದೇಶಗಳ 308 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ ಇದೇ ಚಿತ್ರ ಕಂಡಿತು. ಸಂಸ್ಥೆಯಲ್ಲಿ ಕಳೆದ ಅವಧಿ ಹೆಚ್ಚಿದಂತೆ ಹಾನಿಯೂ ಹೆಚ್ಚು.

ಬುಕಾರೆಸ್ಟಿನ ಅನಾಥಾಲಯವನ್ನು ಮುಂಬಯಿಯ ಬಾಲಮಂದಿರಕ್ಕೆ ನೇರವಾಗಿ ಹೋಲಿಸುವುದು ಅನ್ಯಾಯ. ಇಲ್ಲಿ ದುಡಿಯುವವರಲ್ಲಿ ಮಕ್ಕಳಿಗಾಗಿ ಜೀವ ತೇದವರನ್ನು ನಾನು ಬಲ್ಲೆ. ಆದರೂ ಪಾಳಿಯ ಮೇಲೆ ಬದಲಾಗುವ ಹತ್ತು ಒಳ್ಳೆಯ ಮನುಷ್ಯರು ಸೇರಿ ಒಬ್ಬ ಅವ್ವನಾಗಲಾರರು.

ನನ್ನನ್ನು ಇದಕ್ಕಿಂತ ಹೆಚ್ಚು ಕಲಕಿದ್ದು ಇನ್ನೊಂದು ಚಿಕ್ಕ ಅಧ್ಯಯನ. ಕೊರಿಯಾದಲ್ಲಿ ಹುಟ್ಟಿ, ಮೂರರಿಂದ ಎಂಟು ವರ್ಷದೊಳಗೆ ಫ್ರಾನ್ಸಿನ ಕುಟುಂಬಗಳಿಗೆ ದತ್ತು ಹೋಗಿದ್ದ ಎಂಟು ಮಂದಿಯನ್ನು ಅವರು ದೊಡ್ಡವರಾದ ಮೇಲೆ ಕ್ರಿಸ್ತೋಫ್ ಪಾಲಿಯೇ ಮತ್ತು ಸಂಗಡಿಗರು ಪರೀಕ್ಷಿಸಿದರು. ಆ ವಯಸ್ಸಿಗೆ ಮಕ್ಕಳು ಪಟಪಟನೆ ಮಾತನಾಡುತ್ತಿರುತ್ತಾರೆ. ಆದರೂ ಕೊರಿಯನ್ ವಾಕ್ಯಗಳನ್ನು ಕೇಳಿಸಿದಾಗ, ಎಂದೂ ಕೇಳದ ಬೇರೆ ಭಾಷೆಗಳ ನಡುವೆ ತಮ್ಮ ತಾಯ್ನುಡಿ ಯಾವುದೆಂದು ಅವರಿಗೆ ಗುರುತಿಸಲಾಗಲಿಲ್ಲ. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಿದುಳಿನ ಚಿತ್ರಣವೂ ಅದನ್ನೇ ಹೇಳಿತು. ಹನ್ನೊಂದು ವರ್ಷಗಳ ನಂತರ, ಚೀನಾದಿಂದ ಕೆನಡಾದ ಫ್ರೆಂಚ್ ಕುಟುಂಬಗಳಿಗೆ ಎಳವೆಯಲ್ಲೇ ದತ್ತು ಹೋದವರ ಮಿದುಳಿನಲ್ಲಿ ಮೊದಲ ಭಾಷೆಯ ಕುರುಹು ಉಳಿದಿರುತ್ತದೆಂದು ಬೇರೊಂದು ಗುಂಪು ತೋರಿಸಿತು. ಕುರುಹು ಉಳಿಯಬಹುದು. ಆದರೆ ಕುರುಹಿನಿಂದ ಅವ್ವನೊಂದಿಗೆ ಮಾತನಾಡಲಾಗದು.

ಆರು ವರ್ಷದ ಕನ್ನಡದ ಮಗು ಮೂರು ನಾಲ್ಕು ವರ್ಷ ಮರಾಠಿ ಹಿಂದಿಯ ನಡುವೆಯೇ ಬೆಳೆದರೆ ಏನಾಗುತ್ತದೆ ಎಂಬುದಕ್ಕೆ ಇಷ್ಟು ಸಾಕು. ಕೊನೆಗೆ ಊರು ಪತ್ತೆಯಾಗಿ, ತಾಯಿ ಓಡೋಡಿ ಬಂದು ಎದುರು ಕೂತಾಗ ಇಬ್ಬರ ನಡುವೆ ಹಿಡಿದುಕೊಳ್ಳಲು ಒಂದು ವಾಕ್ಯವೂ ಇರುವುದಿಲ್ಲ. ಅಷ್ಟು ಹೊತ್ತಿಗೆ ತನಿಖೆಯ ಸಾಕ್ಷ್ಯವೂ ಅಳಿಸಿಹೋಗಿರುತ್ತದೆ. ಗುಡಿಯ ಹೆಸರು, ಹಳ್ಳದ ಹೆಸರು, ಪಕ್ಕದ ಮನೆಯವರನ್ನು ಕರೆಯುತ್ತಿದ್ದ ಅಡ್ಡಹೆಸರು, ಇವೆಲ್ಲ ಆ ಭಾಷೆಯಲ್ಲೇ ನೆನಪಿರುವಂಥವು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಇಪ್ಪತ್ತನೆಯ ವಿಧಿ, ಕುಟುಂಬದಿಂದ ಹೊರಗೆ ಬೆಳೆಯಬೇಕಾದ ಮಗುವಿಗೆ ವ್ಯವಸ್ಥೆ ಮಾಡುವಾಗ ಅದರ ಭಾಷಿಕ ಹಿನ್ನೆಲೆಗೂ ಗಮನ ಕೊಡಬೇಕು ಎನ್ನುತ್ತದೆ. ಮಗುವಿನ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆನ್ನುವ ಹನ್ನೆರಡನೆಯ ವಿಧಿಯನ್ನು ತರಬೇತಿಗಳಲ್ಲಿ ಎಲ್ಲರೂ ಉದ್ಧರಿಸುತ್ತಾರೆ. ಇಪ್ಪತ್ತನೆಯದನ್ನು ಉದ್ಧರಿಸಿದವರನ್ನು ನಾನು ಕಂಡದ್ದು ಅಪರೂಪ.

ಆಯಿಯ ಗೊಂದಲದಲ್ಲಿ ಹಾನಿಯಾಗುವುದು ಹುಡುಕಾಟಕ್ಕೆ. ಇನ್ನು ಕೆಲವು ಪದಗಳಲ್ಲಿ ಅಪಾಯವೇ ಅಡಗಿರುತ್ತದೆ.

ಹದಿಮೂರರ ಹುಡುಗಿ "ಮಾವನ ಜೊತೆ ಬಂದೆ" ಎನ್ನುತ್ತಾಳೆ. ಮರಾಠಿ ಕಿವಿಗೆ ಅದು ಮಾಮಾ, ತಾಯಿಯ ಅಣ್ಣನೋ ತಮ್ಮನೋ, ಅಂದರೆ ಮಗುವಿಗೆ ಅತ್ಯಂತ ಸುರಕ್ಷಿತ ವ್ಯಕ್ತಿ. ಕನ್ನಡದಲ್ಲಿ ಸೋದರಮಾವನೂ ಮಾವ, ಗಂಡನ ತಂದೆಯೂ ಮಾವ. ನಮ್ಮ ಅನೇಕ ಸಮುದಾಯಗಳಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವ ರೂಢಿ ಇರುವುದರಿಂದ ಆ ಸೋದರಮಾವನೇ ಗಂಡನೂ ಆಗಿರಬಹುದು. ಉತ್ತರ ಕರ್ನಾಟಕದ ಮನೆಯಲ್ಲಿ ಬೆಳೆದವರು ಈ ಪದ ಕೇಳಿದೊಡನೆ "ಯಾವ ಮಾವ? ಅವ್ವನ ತಮ್ಮನಾ? ಮದುವೆಯ ಮಾತು ಆಗಿದೆಯಾ?" ಎಂದು ಮೆಲ್ಲಗೆ ಮುಂದುವರಿಯುತ್ತಾರೆ. ಕೊರಳಲ್ಲಿ ತಾಳಿ ಇದೆಯೇ, ತೆಗೆದಿಟ್ಟಿದ್ದಾರೆಯೇ ಎಂದು ಗಮನಿಸುತ್ತಾರೆ. ಪದದ ಒಳಗಿನ ಕವಲು ಗೊತ್ತಿಲ್ಲದವರು "ಮಾಮಾನ ಜೊತೆ ಬಂದಿದ್ದಾಳೆ" ಎಂದು ಬರೆದು, ಅದೇ ಮಾಮಾನನ್ನು ಕರೆಸಿ, ಗುರುತಿನ ಚೀಟಿ ನೋಡಿ ಹುಡುಗಿಯನ್ನು ಒಪ್ಪಿಸಬಹುದು. ಎಲ್ಲವೂ ನಿಯಮದ ಪ್ರಕಾರವೇ ನಡೆದಿರುತ್ತದೆ, ಬಾಲ್ಯವಿವಾಹವೊಂದಕ್ಕೆ ಸರ್ಕಾರದ ಮೊಹರು ಬಿದ್ದಿರುತ್ತದೆ.

"ಅಕ್ಕನಿಗೆ ಮುತ್ತು ಕಟ್ಟಿದ್ದಾರೆ" ಎಂಬ ಇನ್ನೊಂದು ಮಾತಿದೆ. ನಿಘಂಟು ನೋಡಿದರೆ ಮುತ್ತು ಎಂದರೆ ಸಮುದ್ರದ ಮುತ್ತು, ಇಲ್ಲವೇ ಕೆನ್ನೆಗೆ ಕೊಡುವ ಮುತ್ತು. ಮೊಬೈಲಿನ ಅನುವಾದವೂ ಇವೆರಡರಲ್ಲಿ ಒಂದನ್ನು ಕೊಟ್ಟೀತು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಮಾತ್ರ ಆ ವಾಕ್ಯ ಕೇಳಿದರೆ ಎದೆ ಧಸಕ್ಕೆನ್ನುತ್ತದೆ: ಹುಡುಗಿಯನ್ನು ಯಲ್ಲಮ್ಮನ ಹೆಸರಿನಲ್ಲಿ ದೇವದಾಸಿಯಾಗಿ ಬಿಟ್ಟಿದ್ದಾರೆ ಎಂದರ್ಥ. ಕರ್ನಾಟಕ ಇದನ್ನು 1982ರ ಕಾಯ್ದೆಯಿಂದ ನಿಷೇಧಿಸಿದೆ. "ದೇವಾಲಾ ಸೋಡಲೀ" (ದೇವರಿಗೆ ಬಿಟ್ಟಿದ್ದಾರೆ) ಎಂಬ ಮರಾಠಿ ಮಾತನ್ನು ಇಲ್ಲಿನ ಕಾರ್ಯಕರ್ತರು ಚೆನ್ನಾಗಿ ಬಲ್ಲರು, ಅದೇ ಸಂಗತಿ ಮುತ್ತಿನ ಹೆಸರಿನಲ್ಲಿ ಬಂದಾಗ ಗುರುತು ಸಿಗದೆ ಹೋಗಬಹುದು. ಆ ಮನೆಯಲ್ಲಿ ಅಕ್ಕನ ನಂತರ ತಂಗಿಯ ಸರದಿ ಬರಬಹುದೆಂಬ ಎಚ್ಚರಿಕೆಯೂ ಆ ಒಂದು ವಾಕ್ಯದಲ್ಲಿ ಇತ್ತು. ಮಗು ಅದನ್ನು ಹೇಳಿತ್ತು.

ಲೈಂಗಿಕ ವೃತ್ತಿಯ ಕೇರಿಯೆಂದು ಹೆಸರಾದ ಮುಂಬಯಿಯ ಕಾಮಾಟಿಪುರದ ಇತಿಹಾಸವನ್ನು ಬಲ್ಲವರಿಗೆ ಇದು ದೂರದ ಮಾತಲ್ಲ. ಅಲ್ಲಿನ ಗಲ್ಲಿಗಳಲ್ಲಿ ದಶಕಗಳ ಕಾಲ ಕನ್ನಡ ಕೇಳಿಸುತ್ತಿದ್ದುದಕ್ಕೆ ಯಲ್ಲಮ್ಮನ ಹೆಸರಿನ ಈ ಪದ್ಧತಿಯೂ ಒಂದು ಕಾರಣ. 1986ರಲ್ಲಿ ಅಲ್ಲಿ ಶುರುವಾದ ಪ್ರೇರಣಾ ಸಂಸ್ಥೆ 1988ರಲ್ಲಿ ತೆರೆದ ರಾತ್ರಿ ಪಾಲನಾ ಕೇಂದ್ರದ ಕಲ್ಪನೆ ನನಗೆ ಇಂದಿಗೂ ಮಾದರಿಯಾಗಿ ಕಾಣುತ್ತದೆ. ತಾಯಂದಿರು ದುಡಿಮೆಯಲ್ಲಿರುವ ರಾತ್ರಿಯ ಹೊತ್ತು ಮಕ್ಕಳಿಗೆ ಊಟ, ಪಾಠ, ನಿದ್ದೆಗೆ ಭದ್ರವಾದ ಜಾಗ, ಬೆಳಗಾದರೆ ಮತ್ತೆ ತಾಯಿಯ ಬಳಿ. ತಾಯಿಯನ್ನು ಕೆಟ್ಟವಳೆಂದು ಬಗೆದು ಮಗುವನ್ನು ಕಿತ್ತುಕೊಳ್ಳದೆ, ಅಪಾಯದ ಗಂಟೆಗಳನ್ನಷ್ಟೇ ಗುರುತಿಸಿ ಆ ಗಂಟೆಗಳಿಗೆ ಆಸರೆ ಕಟ್ಟಿದ ಕೆಲಸ ಅದು. ಯಾವ ಮಗುವಿಗೆ ಯಾವ ಹೊತ್ತಿನಲ್ಲಿ ಏನು ಭಯ ಎಂದು ತಾಯಂದಿರ ಮಾತಿಗೆ ಕಿವಿಗೊಡದೆ ಅಂಥದ್ದು ಹೊಳೆಯುವುದಿಲ್ಲ.

ಮಕ್ಕಳ ರಕ್ಷಣೆಯ ವಿಷಯದಲ್ಲಿ ಮುಂಬಯಿ ದೇಶಕ್ಕೆ ಕಲಿಸಿದ ನಗರ. ಮುಂಬಯಿ ಪ್ರಾಂತ್ಯದ ಮಕ್ಕಳ ಕಾಯ್ದೆ ಬಂದದ್ದು 1924ರಲ್ಲಿ. ಮಕ್ಕಳ ಗೃಹಗಳನ್ನು ನಡೆಸುವ ಚಿಲ್ಡ್ರನ್ಸ್ ಏಡ್ ಸೊಸೈಟಿ 1927ರದು. ಸಮಾಜಕಾರ್ಯವನ್ನು ವಿದ್ಯೆಯಾಗಿ ಕಲಿಸುವ ದೇಶದ ಮೊದಲ ಶಾಲೆ, ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, 1936ರಲ್ಲಿ ಇಲ್ಲೇ ಹುಟ್ಟಿತು. ಡೋಂಗ್ರಿಯ ಮಕ್ಕಳ ಗೃಹ ಇರುವ ಆವರಣ ಹಿಂದೆ ಜೈಲಾಗಿತ್ತು. 1882ರಲ್ಲಿ ತಿಲಕರೂ ಆಗರ್ಕರರೂ 101 ದಿನ ಕಳೆದದ್ದು ಆ ಜೈಲಿನಲ್ಲೇ. ಜೈಲುಗಳಲ್ಲಿ ಕೊಳೆಯುತ್ತಿದ್ದ ಮಕ್ಕಳಿಗಾಗಿ ಪತ್ರಕರ್ತೆ ಶೀಲಾ ಬರ್ಸೆ ಸುಪ್ರೀಂ ಕೋರ್ಟಿನವರೆಗೆ ಹೋರಾಡಿದ್ದು ಈ ನಗರದಿಂದ. 1996ರಲ್ಲಿ ಮಕ್ಕಳ ಸಹಾಯವಾಣಿ 1098 ಜೆರೂ ಬಿಲಿಮೋರಿಯಾ ಅವರ ಮುಂದಾಳತ್ವದಲ್ಲಿ ಟಾಟಾ ಸಂಸ್ಥೆಯ ಯೋಜನೆಯಾಗಿ ಮೊದಲು ಮೊಳಗಿದ್ದೂ ಇಲ್ಲೇ. 2023ರಿಂದ ಆ ಸಹಾಯವಾಣಿಯನ್ನು ಸರ್ಕಾರವೇ ವಹಿಸಿಕೊಂಡು, ತುರ್ತು ಸಂಖ್ಯೆ 112ರೊಂದಿಗೆ ಜೋಡಿಸಿ, ರಾಜ್ಯಗಳ ನಿಯಂತ್ರಣ ಕೊಠಡಿಗಳ ಮೂಲಕ ನಡೆಸುತ್ತಿದೆ. ಈ ಬದಲಾವಣೆಯ ಬಗ್ಗೆ ನಡೆದ ಚರ್ಚೆಯಲ್ಲಿ ಸ್ವಯಂಸೇವಾ ಸಂಸ್ಥೆಗಳ ಪಾತ್ರದ ಪ್ರಶ್ನೆ ಬಂತು, ಪೊಲೀಸರ ಪಾತ್ರದ ಪ್ರಶ್ನೆ ಬಂತು. ಮುಂಬಯಿಯಿಂದ ಕನ್ನಡದಲ್ಲಿ ಅಳುತ್ತಾ ಕರೆ ಮಾಡಿದ ಮಗುವಿನ ಕರೆಯನ್ನು ಆ ಕ್ಷಣವೇ ಬೆಂಗಳೂರಿನ ಕೊಠಡಿಗೆ ಜೋಡಿಸಲು ಸಾಧ್ಯವೇ ಎಂಬ ಪ್ರಶ್ನೆಯೂ ಬರಬೇಕಿತ್ತು. ತಂತ್ರಜ್ಞಾನಕ್ಕೆ ಇದು ಕಷ್ಟದ ಕೆಲಸವೇ ಅಲ್ಲ.

ಕಾನೂನಿನಲ್ಲಿ ಭಾಷೆಗೆ ಜಾಗವಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೊ ಕಾಯ್ದೆ, ದೂರು ದಾಖಲಾಗುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ದುಭಾಷಿಯನ್ನು ಒದಗಿಸಲೇಬೇಕು ಎನ್ನುತ್ತದೆ. 2020ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ ಹೆಸರು, ವಿಳಾಸ ಇರುವ ನೋಂದಣಿ ಪುಸ್ತಕ ಇಡಬೇಕು, ಅವರಿಗೆ ಸಂಭಾವನೆಯನ್ನೂ ಕೊಡಬೇಕು. ದುಭಾಷಿ ನಿಷ್ಪಕ್ಷಪಾತಿಯಾಗಿರಬೇಕು, ತನಗೆ ಹಿತಾಸಕ್ತಿಯ ಸಂಘರ್ಷ ಇದ್ದರೆ ಮೊದಲೇ ತಿಳಿಸಬೇಕು, ಸೇರಿಸದೆ ಬಿಡದೆ ಪೂರ್ತಿ ಹೇಳಬೇಕು. ಹಿತಾಸಕ್ತಿಯ ಸಂಘರ್ಷದ ಷರತ್ತನ್ನು ಮುಂಬಯಿ ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾಗಿದೆ.

ಮಾಣಿ ಎಂಬ ಪದವನ್ನೇ ನೋಡಿ. ಅದರ ಅರ್ಥ ಹುಡುಗ. ಹೋಟೆಲಿನಲ್ಲಿ ತಿಂಡಿ ತಂದಿಡುವವನಿಗೆ ಆ ಹೆಸರು ನಿಂತದ್ದು ಆ ಕೆಲಸವನ್ನು ಹುಡುಗರೇ ಮಾಡುತ್ತಿದ್ದುದರಿಂದಲೇ ಇರಬೇಕು. ಕರಾವಳಿಯಿಂದ ಹತ್ತು ಹನ್ನೆರಡರ ವಯಸ್ಸಿಗೆ ಹಡಗು ಹತ್ತಿ, ಬಸ್ಸು ಹತ್ತಿ ಬಂದು, ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಹೋಟೆಲಿನ ಮಾಲೀಕರೋ ವಕೀಲರೋ ಆದವರ ಕಥೆಗಳನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಕನ್ನಡದ ರಾತ್ರಿ ಶಾಲೆಗಳು ನಿಜಕ್ಕೂ ದೊಡ್ಡ ಕೆಲಸ ಮಾಡಿದವು. ಆದರೆ ಓದಿ ಮೇಲೆ ಬಂದವರಷ್ಟೇ ನಮ್ಮ ಕಥೆಗಳಲ್ಲಿದ್ದಾರೆ. ಕಾಯಿಲೆ ಬಿದ್ದವರು, ಹೊಡೆತ ತಾಳದೆ ಓಡಿಹೋದವರು, ರಾತ್ರಿ ಮಲಗುವ ಜಾಗದಲ್ಲಿ ದೌರ್ಜನ್ಯಕ್ಕೆ ಒಳಗಾಗಿ ಯಾರಿಗೂ ಹೇಳದೆ ಉಳಿದವರು ಅಲ್ಲಿಲ್ಲ. ಮನೆಗೆಲಸ ಮತ್ತು ಹೋಟೆಲು ಢಾಬಾಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆ ನಿಷೇಧವಾದದ್ದು 2006ರ ಅಕ್ಟೋಬರ್ 10ರಂದು. 2016ರ ತಿದ್ದುಪಡಿ ಅದನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಕುಟುಂಬದ ಉದ್ಯಮಕ್ಕೆ ಶಾಲೆಯ ನಂತರ ಕೈಜೋಡಿಸುವುದಕ್ಕೆ ಬಿಟ್ಟ ವಿನಾಯಿತಿಯೊಂದು ಉಳಿಯಿತು. "ನಮ್ಮ ಸಂಬಂಧಿಕರ ಹುಡುಗ" ಎಂಬ ಉತ್ತರ ಆ ವಿನಾಯಿತಿಯ ಮರೆಯಲ್ಲೇ ಅಡಗುತ್ತದೆ.

ಈಗ ಕಲ್ಪಿಸಿಕೊಳ್ಳಿ: ಹೋಟೆಲೊಂದರಿಂದ ಬಿಡಿಸಿ ತಂದ ಹುಡುಗನೊಂದಿಗೆ ಮಾತನಾಡಲು ಕನ್ನಡ ಬಲ್ಲವರು ಬೇಕು. ಪೊಲೀಸರಿಗೆ ಪರಿಚಯವಿರುವ ಕನ್ನಡಿಗರು ಯಾರು? ಆ ಬೀದಿಯ ಇನ್ನೊಂದು ಹೋಟೆಲಿನ ಮಾಲೀಕರು. ಅವರು ಸಜ್ಜನರೇ ಇರಬಹುದು. ಆದರೆ ಹುಡುಗ ಅವರ ಮುಖ ನೋಡಿ ಬಾಯಿ ಬಿಡುತ್ತಾನೆಯೇ? "ಮಾಲೀಕರು ಒಳ್ಳೆಯವರು, ನಾನೇ ಬಂದೆ" ಎನ್ನುತ್ತಾನೆ. ಕನ್ನಡ ಬಂದರೆ ಸಾಲದು, ಆ ಕನ್ನಡಕ್ಕೆ ಮಗು ಹೆದರದಂತಿರಬೇಕು.

ಪ್ರಶ್ನೆ ಕೇಳುವುದೂ ಕಲಿಯಬೇಕಾದ ವಿದ್ಯೆ. ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಸಂದರ್ಶನದ ಬಗ್ಗೆ ಮೈಕೆಲ್ ಲ್ಯಾಂಬ್ ಮತ್ತಿತರರು ದಶಕಗಳ ಕಾಲ ನಡೆಸಿದ ಸಂಶೋಧನೆಯ ಸಾರ ಇಷ್ಟು: "ಏನಾಯಿತು, ಎಲ್ಲವನ್ನೂ ಹೇಳು" ಎಂಬಂಥ ತೆರೆದ ಪ್ರಶ್ನೆಗೆ ಮಗು ಕೊಡುವ ಉತ್ತರ ಹೆಚ್ಚು ನಿಖರ, ಹೌದು ಇಲ್ಲ ಎಂದು ಮುಗಿಯುವ ಪ್ರಶ್ನೆಗೆ ಕೊಡುವ ಉತ್ತರ ಅಷ್ಟು ನಂಬಲರ್ಹವಲ್ಲ. ತರಬೇತಿಯಿಲ್ಲದ ದುಭಾಷಿ "ಏನಾಯಿತು ಎಂದು ಕೇಳಿ" ಎಂಬುದನ್ನು "ಅವನು ಹೊಡೆದನಾ?" ಎಂದು ಮಾಡಿಬಿಡುತ್ತಾನೆ. ಅವನ ಉದ್ದೇಶ ಸಹಾಯವೇ. ಆದರೆ ಒಂದೇ ವಾಕ್ಯದಲ್ಲಿ ಪ್ರಕರಣ ಕೆಟ್ಟುಹೋಗುತ್ತದೆ.

ಕನ್ನಡ ಎಂಬುದೂ ಒಂದೇ ಅಲ್ಲ. ವಿಜಯಪುರದವಳಾದ ನನಗೆ ಆಯಿ ಎಂದರೆ ಅಜ್ಜಿ, ಕುಮಟೆಯಿಂದ ನಮ್ಮ ಮನೆಗೆ ಬಂದ ಅತ್ತಿಗೆಗೆ ಆಯಿ ಎಂದರೆ ತಾಯಿ. ಅಂದರೆ ಕುರ್ಲಾದ ಆ ಮಗುವಿನ ಮುಂದೆ ನನ್ನ ಅತ್ತಿಗೆಯನ್ನು ಕೂರಿಸಿದ್ದರೂ ಅದೇ ತಪ್ಪು ಆಗಬಹುದಿತ್ತು. ಕಲಬುರಗಿಯ ತಾಂಡಾದಿಂದ ಬಂದ ಮಗು ಮನೆಯಲ್ಲಿ ಆಡುವುದು ಲಂಬಾಣಿ, ಕನ್ನಡ ಅದಕ್ಕೆ ಶಾಲೆಯ ಭಾಷೆ, ಶಾಲೆಯನ್ನೇ ನೋಡದಿದ್ದರೆ ಅದೂ ಇಲ್ಲ. ಅದೇ ಜಿಲ್ಲೆಯ ಇನ್ನೊಂದು ಮಗುವಿನದು ದಖನಿ, ಉಡುಪಿಯ ಹುಡುಗನದು ತುಳು. "ಕರ್ನಾಟಕದ ಮಗು, ಆದ್ದರಿಂದ ಕನ್ನಡ" ಎಂದು ಬರೆದುಕೊಳ್ಳುವುದೂ ಒಂದು ಬಗೆಯ ಕಿವುಡುತನವೇ.

ಚಿಕ್ಕ ಮಕ್ಕಳ ವಿಷಯದಲ್ಲಿ ಇದು ಇನ್ನೂ ಗಂಭೀರ. ತಂದೆತಾಯಿ ಪತ್ತೆಯಾಗದ ಮಗುವನ್ನು ದತ್ತು ಕೊಡಬಹುದೆಂದು ಸಮಿತಿ ಘೋಷಿಸಲು ಕಾಯ್ದೆ ಇಟ್ಟಿರುವ ಅವಧಿ, ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳು, ಅದಕ್ಕಿಂತ ದೊಡ್ಡ ಮಗುವಿಗೆ ನಾಲ್ಕು ತಿಂಗಳು. ಅಷ್ಟರೊಳಗೆ ಪತ್ರಿಕೆಯಲ್ಲಿ ಭಾವಚಿತ್ರದೊಂದಿಗೆ ಪ್ರಕಟಣೆ ಕೊಡಬೇಕು. ಮಗು ಬೇರೆ ರಾಜ್ಯದ್ದೆಂದು ಗೊತ್ತಿದ್ದರೆ ಆ ಊರಿನ ಕಡೆ, ಅಲ್ಲಿನ ಭಾಷೆಯಲ್ಲೇ ಪ್ರಕಟಣೆ ಬರಬೇಕು. "ಗೊತ್ತಿದ್ದರೆ" ಎಂಬಲ್ಲೇ ಎಲ್ಲವೂ ನಿಂತಿದೆ. ಮೂರು ವರ್ಷದ ಮಗು ನೀರಿಗೆ ಏನೆನ್ನುತ್ತದೆ, ಅನ್ನಕ್ಕೆ ಏನೆನ್ನುತ್ತದೆ, ನಿದ್ದೆಯಲ್ಲಿ ಯಾರನ್ನು ಕರೆಯುತ್ತದೆ ಎಂದು ಗಮನಿಸುವವರು ಇದ್ದರೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಮುಂಬಯಿಯ ಮರಾಠಿ ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಸೇಡಂ ತಾಲ್ಲೂಕಿನ ತಾಯಿ ಎಂದೂ ನೋಡುವುದಿಲ್ಲ.

ಹಾಗೆಂದು ಮಕ್ಕಳನ್ನು ಆದಷ್ಟು ಬೇಗ ಊರಿಗೆ ಕಳುಹಿಸಿಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಯಾವುದಾದರೊಂದು ರೀತಿಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿರುವುದಾಗಿ ಹೇಳಿದರು, ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು ಇಲ್ಲವೇ ಮಗು ನಂಬಿದವರು. ಓಡಿಬಂದ ಮಗುವಿಗೆ ಓಡಿಬರಲು ಕಾರಣವಿರುತ್ತದೆ. ರೈಲು ನಿಲ್ದಾಣದಲ್ಲಿ ಸಿಕ್ಕ ಹುಡುಗನನ್ನು ಮರುದಿನವೇ ತಂದೆಯ ಕೈಗೆ ಕೊಟ್ಟು ಭಾವಚಿತ್ರ ತೆಗೆಸಿಕೊಳ್ಳುವುದು ಸುಲಭ. ಅವನು ಮುಂದಿನ ತಿಂಗಳು ಮತ್ತೆ ಅದೇ ರೈಲು ಹತ್ತಿದಾಗ ಯಾರೂ ಭಾವಚಿತ್ರ ತೆಗೆಯುವುದಿಲ್ಲ. ಮನೆ ಕ್ಷೇಮವೇ ಎಂದು ತಿಳಿಯುವುದಕ್ಕೂ ಬೇಕಾದದ್ದು ಅದೇ: ಅವನ ಭಾಷೆಯಲ್ಲಿ, ಅವಸರವಿಲ್ಲದ, ಒಬ್ಬರೇ ಕೂತು ಆಡುವ ಮಾತು.

ಮಗು ಮನೆಯಿಂದ ಬೇರೆಯಾಗದಂತೆ ನೋಡಿಕೊಳ್ಳುವ ಕೆಲಸದ ಬಗ್ಗೆಯೂ ಒಂದು ಮಾತು. ಬಡತನ ತಪ್ಪಲ್ಲ, ಮಗುವನ್ನು ಕಿತ್ತುಕೊಳ್ಳಲು ಕಾರಣವೂ ಅಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ, ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು ಹೇಳಿತು. ಒಂದೇ ಸೈಟಿನ ಕೆಲಸವನ್ನು ಹತ್ತು ಮೇಸ್ತ್ರಿಗಳಿಗೆ ಹಂಚಿದಾಗ ಐವತ್ತರ ಲೆಕ್ಕ ಯಾರ ಹೆಸರಿಗೂ ತುಂಬುವುದಿಲ್ಲ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೆಲಸಗಾರರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳು ಶುರುವಾಗಿವೆ. ಹಾಗಾದರೆ ಅದೇ ತಾಯಿ ಅದೇ ಕೂಸನ್ನು ಎತ್ತಿಕೊಂಡು ಗಡಿ ದಾಟಿದ ಮೇಲೆ? ಇನ್ನು ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ: ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ, ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಗುಳೆ ಹೋಗುವ ಮನೆಯ ಮಗು ಊರಲ್ಲಿ ಆಯಿಯ ಬಳಿಯೇ ಉಳಿದು ಶಾಲೆಗೆ ಹೋಗಲು ಈ ಹಣ ದೊಡ್ಡ ಆಸರೆಯಾದೀತು. ಅರ್ಜಿ ತುಂಬುವ ಹೊತ್ತಿಗೆ ತಂದೆತಾಯಿ ಮುಂಬಯಿಯಲ್ಲಿ, ಕಾಗದಪತ್ರ ಊರಲ್ಲಿ. ಈ ಅಂತರವನ್ನು ದಾಟಿಸುವವರು ಬೇಕು.

ಮುಂಬಯಿಯಲ್ಲಿ ಕನ್ನಡಿಗರಿಗೆ ಬಲವಿಲ್ಲವೆಂದು ಯಾರೂ ಹೇಳಲಾರರು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು, ಕರ್ನಾಟಕ ಸಂಘ 1933ರದು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ಮಹಾನಗರ ಪಾಲಿಕೆ ಶಾಲೆ ನಡೆಸುವ ಎಂಟು ಭಾಷೆಗಳಲ್ಲಿ ಕನ್ನಡವೂ ಒಂದು, ಅಲ್ಲಿ ಮಕ್ಕಳೊಂದಿಗೆ ಮಾತನಾಡಿ ಪಳಗಿದ ನಿವೃತ್ತ ಶಿಕ್ಷಕಿಯರಿದ್ದಾರೆ. ಇವರಲ್ಲಿ ಇಪ್ಪತ್ತು ಮಂದಿ, ಬೇರೆ ಬೇರೆ ಸೀಮೆಯ ಕನ್ನಡ ಬಲ್ಲವರು, ಲಂಬಾಣಿ ತುಳು ದಖನಿ ಆಡುವವರು, ಪೊಲೀಸ್ ಪರಿಶೀಲನೆಗೆ ಒಳಪಟ್ಟು, ಸಂದರ್ಶನದ ತರಬೇತಿ ಪಡೆದು, ಮಕ್ಕಳ ರಕ್ಷಣಾ ಘಟಕದ ನೋಂದಣಿಯಲ್ಲಿ ಹೆಸರು ಬರೆಸಿದರೆ ಸಾಕು. ನಾಟಕೋತ್ಸವಕ್ಕೆ, ಸನ್ಮಾನಕ್ಕೆ ನಾವು ಹೊಂದಿಸುವ ಸಮಯ ಮತ್ತು ಹಣದ ಒಂದು ಚೂರು ಇದಕ್ಕೆ ಸಾಲುತ್ತದೆ. ಅತ್ತ ಕಲಬುರಗಿ, ಯಾದಗಿರಿ, ವಿಜಯಪುರದ ಘಟಕಗಳಲ್ಲಿ ಒಬ್ಬೊಬ್ಬ ಕಾರ್ಯಕರ್ತೆ, ಮಾನ್‌ಖುರ್ದ್‌ನ ಇಲ್ಲವೇ ಡೋಂಗ್ರಿಯ ಮಕ್ಕಳ ಗೃಹದಲ್ಲಿರುವ ಮಗುವಿನೊಂದಿಗೆ ಮೊದಲ ದಿನವೇ ವಿಡಿಯೊ ಕರೆಯಲ್ಲಿ ಮಾತನಾಡುವಂತಾಗಬೇಕು. ಎರಡು ರಾಜ್ಯಗಳ ನಡುವೆ ಇದಕ್ಕೊಂದು ಲಿಖಿತ ಒಪ್ಪಂದವಿದ್ದರೆ ಪ್ರತಿ ಸಲವೂ ಅನುಮತಿ ಬೇಡುವ ಕೆಲಸ ತಪ್ಪುತ್ತದೆ.

ಅಂಥ ಕಾರ್ಯಕರ್ತೆ ಮಗುವಿನ ಮುಂದೆ ಕೂತಾಗ ನಿನ್ನ ತಾಲ್ಲೂಕು ಯಾವುದು, ಜಿಲ್ಲೆ ಯಾವುದು ಎಂದು ಕೇಳುವುದಿಲ್ಲ. ಅದು ದೊಡ್ಡವರ ನಕ್ಷೆ. ನಿಮ್ಮೂರಲ್ಲಿ ಸಂತೆ ಯಾವ ವಾರ? ಸಂತೆಗೆ ನಡೆದು ಹೋಗುತ್ತೀರಾ, ಟಂಟಂನಲ್ಲಿ ಹೋಗುತ್ತೀರಾ? ಜಾತ್ರೆಯಲ್ಲಿ ತೇರು ಎಳೆಯುತ್ತಾರಾ, ಯಾವ ದೇವರದು? ಹೊಳೆ ಇದೆಯಾ, ಬರೀ ಹಳ್ಳವಾ? ಹೊಲದಲ್ಲಿ ತೊಗರಿ ಇತ್ತಾ, ಹತ್ತಿಯಾ? ರೈಲಿನ ಸದ್ದು ರಾತ್ರಿ ಮನೆಗೆ ಕೇಳಿಸುತ್ತಿತ್ತಾ? ಮಂಗಳವಾರದ ಸಂತೆ, ತೊಗರಿ ಹೊಲ, ಊರ ಪಕ್ಕದ ರೈಲು ಹಳಿ, ಇಷ್ಟು ಸಿಕ್ಕರೆ ಆ ಕಡೆಯ ಬಸ್ ಕಂಡಕ್ಟರ್ ಒಬ್ಬರು ನಾಲ್ಕೈದು ಊರುಗಳ ಹೆಸರು ಹೇಳಿಬಿಡುತ್ತಾರೆ. ಆಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಆಯಿ ಊರಲ್ಲಿದ್ದಾಳೆ, ಸರಿ. ಅವ್ವ ಎಲ್ಲಿದ್ದಾಳೆ?